ಜೋಶಿ ಮಾಸ್ತರರ ಮಗ ಮತ್ತು ನಮ್ಮ ಹಳದಿ ಚೀಟಿಗಳು

ಕಳೆದ ತಿಂಗಳು ಹಿಂಜವಡಿಯ ಒಂದು ಹೋಟೆಲಿನಲ್ಲಿ ನಮಗೆ ಎರಡು ದಿನದ ತರಬೇತಿ ಇತ್ತು. ವಿಷಯ, ಪರ್ಸನಲ್ ಲೀಡರ್‌ಶಿಪ್. ಕೂತವರೆಲ್ಲ ನನ್ನಂಥ ಪ್ರಾಜೆಕ್ಟ್ ಮ್ಯಾನೇಜರುಗಳು, ನಲವತ್ತು ದಾಟಿದವರು. ತರಬೇತಿ ಕೊಡಲು ಬಂದವರು ಎಲ್ಲರ ಕೈಗೂ ಒಂದೊಂದು ಹಳದಿ ಚೀಟಿ ಕೊಟ್ಟು, ನಿಮ್ಮ ಬದುಕಿನ ಮೊದಲ ಲೀಡರ್ ಯಾರು, ಯಾಕೆ, ಎರಡು ಸಾಲು ಬರೆದು ಗೋಡೆಗೆ ಅಂಟಿಸಿ ಅಂದರು. ಹತ್ತು ನಿಮಿಷದಲ್ಲಿ ಗೋಡೆ ಹಳದಿಯಾಯಿತು. ಮುಕ್ಕಾಲು ಪಾಲು ಚೀಟಿಗಳಲ್ಲಿ ಅಪ್ಪ. ಉಳಿದವುಗಳಲ್ಲಿ ಹೆಚ್ಚಿನವು ಅಮ್ಮ. ಮರಾಠಿಯವರಿದ್ದರು, ತೆಲುಗಿನವರಿದ್ದರು, ಬಿಹಾರದವರಿದ್ದರು, ನಾವು ಕನ್ನಡದವರು ಮೂವರಿದ್ದೆವು. ಊರು ಬೇರೆ ಬೇರೆ, ಕಾರಣ ಮಾತ್ರ ಒಂದೇ. ನಮ್ಮಪ್ಪ ಒಂದು ದಿನವೂ ರಜೆ ಹಾಕಲಿಲ್ಲ. ಜ್ವರ ಬಂದರೂ ಕೆಲಸಕ್ಕೆ ಹೋದರು. ಹರಿದ ಚಪ್ಪಲಿಯಲ್ಲೇ ವರ್ಷ ದೂಡಿದರು. ಯಾವತ್ತೂ ದೂರಲಿಲ್ಲ.

ನನ್ನ ಚೀಟಿಯಲ್ಲಿದ್ದದ್ದೂ ಅದೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದಿಬ್ಬರ ಕಣ್ಣು ಒದ್ದೆಯಾಯಿತು.

ನಮ್ಮಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ ಕಂಪೋಜಿಟರ್ ಆಗಿದ್ದವರು. ಮೂವತ್ತು ವರ್ಷ ನಿಂತುಕೊಂಡೇ ಮೊಳೆ ಜೋಡಿಸಿದವರು. ಅವತ್ತು ರಾತ್ರಿ ವಾಕಡಿನ ಮನೆಗೆ ಬಂದು ಫೋನ್ ಮಾಡಿದೆ. "ಅಪ್ಪಾ, ನೀ ಒಂದ ದಿನಾನೂ ರಜಾ ಹಾಕಿದ್ದು ನನಗ ನೆನಪಿಲ್ಲ. ಹೆಂಗ ಮಾಡ್ತಿದ್ದಿ?" ಅಂತ ಕೇಳಿದೆ. ಅಪ್ಪ ನಕ್ಕರು. "ರಜಾ ಎಲ್ಲಿತ್ತೋ ಮಾರಾಯ? ಹೋಗಲಿಲ್ಲಂದ್ರ ಪಗಾರ ಕಟ್. ಕೊಟ್ಟಿದ್ರ ತಗೋತಿದ್ದೆ."

ಅಲ್ಲಿಗೆ ನನ್ನ ಹಳದಿ ಚೀಟಿ ಸುಳ್ಳಾಯಿತು. ನಾನು ನಾಯಕತ್ವ ಎಂದು ಬರೆದದ್ದನ್ನು ಅಪ್ಪ ಬೇರೆ ದಾರಿ ಇಲ್ಲದ್ದಕ್ಕೆ ಮಾಡಿದ್ದರು. ಅವರ ನಿರುಪಾಯವನ್ನು ನಾನು ಅವರ ಗುಣ ಎಂದು ಬರೆದು ಗೋಡೆಗೆ ಅಂಟಿಸಿ ಬಂದಿದ್ದೆ.

ಗೆಳೆಯರೇ, ಈ ತಪ್ಪನ್ನು ನಾವೆಲ್ಲ ಮಾಡುತ್ತಿದ್ದೇವೆ, ಮತ್ತು ಇದು ಮುಗ್ಧ ತಪ್ಪಲ್ಲ. ರಜೆ ಕೇಳದ, ದೂರದ, ಜ್ವರದಲ್ಲೂ ಬರುವ ಮನುಷ್ಯನನ್ನು ಆದರ್ಶ ಎಂದು ನಮ್ಮ ಬಾಯಲ್ಲೇ ಹೇಳಿಸಿದರೆ ಯಾರಿಗೆ ಅನುಕೂಲ, ಸ್ವಲ್ಪ ಯೋಚಿಸಿ. ಸೋಮವಾರ ನಮ್ಮ ಟೀಮಿನ ಹುಡುಗಿಯೊಬ್ಬಳು ಮೂರು ದಿನ ರಜೆ ಕೇಳಿದಾಗ ನಮ್ಮ ಮನಸ್ಸಿನ ಮೂಲೆಯಲ್ಲಿ ಆ ಚೀಟಿಯೇ ಕೂತಿರುತ್ತದೆ. ಅಪ್ಪನನ್ನು ಲೀಡರ್ ಮಾಡಿದವರು ಮುಂದಿನ ಹೆಜ್ಜೆಯಲ್ಲಿ ಲೀಡರನ್ನು ಅಪ್ಪ ಮಾಡುತ್ತಾರೆ. 'ನಾವೆಲ್ಲ ಒಂದು ಕುಟುಂಬ' ಎನ್ನುವ ಮಾತು ಬರುವುದು ಹೀಗೆ. ಆ ಕುಟುಂಬದಲ್ಲಿ ನಾಲ್ಕು ದಿನ ಹೇಳದೆ ಕೇಳದೆ ಕಾಣೆಯಾದವನಿಗೆ 'ಅಬ್ಸ್ಕಾಂಡಿಂಗ್' ಎಂದು ಹೆಸರು. ಒಂದು ಇಮೇಲ್, ಇನ್ನೊಂದು ಇಮೇಲ್, ಆಮೇಲೆ ಕಡತ ಮುಚ್ಚುತ್ತದೆ.

ಕಾಣೆಯಾದ ಮಗನ ವಿಷಯದಲ್ಲಿ ಒಬ್ಬ ನಿಜವಾದ ಅಪ್ಪ ಏನು ಮಾಡಿದರು ಎನ್ನುವ ಕಥೆ ನಮ್ಮ ಕಡೆಯದೇ ಇದೆ. ಪುಣೆಯಲ್ಲಿರುವ ನಮಗೆ ಅದು ಗೊತ್ತಿರಲೇಬೇಕು. ಪ್ರತಿ ಡಿಸೆಂಬರಿನಲ್ಲಿ 'ಸವಾಯಿ'ಗೆ ಸೀಸನ್ ಟಿಕೆಟ್ ತೆಗೆದು, ಶಾಲು ಹೊದ್ದು, ಮೈದಾನದಲ್ಲಿ ಕೂತು ಹಾಡು ಕೇಳಿ ಬರುವ ಕನ್ನಡಿಗರು ನಮ್ಮಲ್ಲಿ ಎಷ್ಟೋ ಮಂದಿ. ಆ ಉತ್ಸವವನ್ನು 1953ರಲ್ಲಿ ತನ್ನ ಗುರುವಿನ ಹೆಸರಿನಲ್ಲಿ ಶುರು ಮಾಡಿದವರು ಭೀಮಸೇನ ಜೋಶಿ. ಅವರ ತಂದೆ ಗುರುರಾಜ ಜೋಶಿ, ಗದಗ ಸೀಮೆಯ ಶಾಲಾ ಮಾಸ್ತರರು.

ಭೀಮಸೇನರು ಹುಟ್ಟಿದ್ದು 1922ರಲ್ಲಿ. ಹದಿನಾರು ಮಕ್ಕಳಲ್ಲಿ ಹಿರಿಯರು. ಹುಡುಗನಿಗೆ ಬೀದಿಯಲ್ಲಿ ಬಾಜಾ ಬಜಂತ್ರಿಯ ಮೆರವಣಿಗೆ ಬಂದರೆ ಅದರ ಹಿಂದೆ ಹೋಗಿಬಿಡುವ ಹುಚ್ಚು. ನಡೆದು ನಡೆದು ದಣಿದು ಎಲ್ಲೋ ಮಲಗಿಬಿಡುತ್ತಿದ್ದ. ಮನೆಯವರು ಹುಡುಕಿ ಸೋತು ಪೊಲೀಸರ ತನಕ ಹೋಗಬೇಕಾಗುತ್ತಿತ್ತು. ಕೊನೆಗೆ ತಂದೆ ಒಂದು ಉಪಾಯ ಮಾಡಿದರು ಎಂದು ಅವರ ಜೀವನ ಕಥನಗಳು ಹೇಳುತ್ತವೆ. ಹುಡುಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದರು. ಎಲ್ಲಿ ಮಲಗಿದ್ದರೂ ಕಂಡವರು ಓದಿ ಮನೆಗೆ ತಂದುಬಿಡುತ್ತಿದ್ದರು.

ಈ ಕಥೆಯನ್ನು ನಾವು ನಕ್ಕು ಬಿಟ್ಟುಬಿಡುತ್ತೇವೆ. ಆದರೆ ಆ ಮಾಸ್ತರರ ಕೈಯಲ್ಲಿ ಆಗ ಬೇರೆ ಯಾವ ಉಪಾಯಗಳಿದ್ದವು ನೋಡಿ. ಬಾಗಿಲಿಗೆ ಚಿಲಕ ಹಾಕಬಹುದಿತ್ತು. ಬೆತ್ತ ತೆಗೆಯಬಹುದಿತ್ತು, ಮಾಸ್ತರರ ಮನೆಯಲ್ಲಿ ಬೆತ್ತಕ್ಕೇನು ಬರ? ಅಂಗಿಯ ಮೇಲೆ ಹೆಸರು ಬರೆಯುವುದೆಂದರೆ ಈ ಹುಡುಗ ಮತ್ತೆ ಹೋಗುತ್ತಾನೆ ಎಂದು ಒಪ್ಪಿಕೊಂಡ ಹಾಗೆ. ಹೋಗುವುದನ್ನು ತಡೆಯುವ ಬದಲು ವಾಪಸು ಬರುವ ದಾರಿಯನ್ನು ಅವರು ಸುಲಭ ಮಾಡಿದರು.

1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಹುಡುಗ ನಿಜವಾಗಿಯೇ ಹೋದ. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ, ಹಾಗೆ ಹಾಡಲು ಕಲಿಸುವ ಗುರು ಬೇಕೆಂದು ಮನೆ ಬಿಟ್ಟ. ಪುಣೆಗೆ ಬಂದ, ಗ್ವಾಲಿಯರಿಗೆ ಹೋದ, ಲಖನೌ, ರಾಂಪುರ, ಕಲ್ಕತ್ತಾ ಅಲೆದ. ರೈಲಿನಲ್ಲಿ ಸಹಪ್ರಯಾಣಿಕರು ಕೊಟ್ಟ ದುಡ್ಡೇ ದಾರಿಖರ್ಚು. ಈ ಬಾರಿ ಅಂಗಿಯ ಮೇಲಿನ ಹೆಸರು ಓದಿ ಮನೆಗೆ ತಂದುಬಿಡುವವರು ಯಾರೂ ಇರಲಿಲ್ಲ. ಸುಮಾರು ಮೂರು ವರ್ಷದ ಮೇಲೆ ಮಗ ಪಂಜಾಬಿನ ಜಾಲಂಧರದಲ್ಲಿದ್ದಾನೆಂದು ತಂದೆ ಪತ್ತೆ ಹಚ್ಚಿದರು. ಗದಗಿನಿಂದ ಜಾಲಂಧರ ಎಂದರೆ ಹತ್ತಿರ ಹತ್ತಿರ ಎರಡು ಸಾವಿರ ಕಿಲೋಮೀಟರ್. ಫೋನಿಲ್ಲದ, ಮಾಸ್ತರಿಕೆಯ ಪಗಾರದ ಕಾಲ. ಮಗನನ್ನು ಮನೆಗೆ ಕರೆತಂದರು.

ಇಲ್ಲಿಯವರೆಗಿನದು ಪ್ರೀತಿ. ಮುಂದೆ ಆದದ್ದನ್ನು ಮಾತ್ರ ನಾನು ನಾಯಕತ್ವ ಎಂದು ಕರೆಯುತ್ತೇನೆ. ಓಡಿಹೋದ ಮಗನನ್ನು ಹಿಡಿದು ತಂದ ತಂದೆ ಸಾಮಾನ್ಯವಾಗಿ ಏನು ಮಾಡುತ್ತಾನೆ? ಶಾಲೆಗೆ ಕೂರಿಸುತ್ತಾನೆ. 'ಮೂರು ವರ್ಷ ಹಾಳು ಮಾಡಿದ್ದು ಸಾಕು' ಎನ್ನುತ್ತಾನೆ. ಅದೂ ಶಾಲೆಯೇ ತನ್ನ ಬದುಕಾದ ಒಬ್ಬ ಮಾಸ್ತರ, ಹಿರಿಯ ಮಗ, ದೊಡ್ಡ ಸಂಸಾರ. ಆದರೆ 1936ರಲ್ಲಿ ಆ ಹುಡುಗ ಹೋದದ್ದು ಕುಂದಗೋಳಕ್ಕೆ, ಅಬ್ದುಲ್ ಕರೀಂ ಖಾನರ ಶಿಷ್ಯ ರಾಂಭಾವು ಕುಂದಗೋಳಕರ ಅವರ ಮನೆಗೆ. ಅವರನ್ನೇ ಜಗತ್ತು ಸವಾಯಿ ಗಂಧರ್ವ ಎನ್ನುತ್ತದೆ. 1940ರವರೆಗೆ ಅಲ್ಲೇ ಇದ್ದು, ಗುರುವಿನ ಮನೆಗೆ ನೀರು ಹೊತ್ತು ಕಲಿತ. ಮೂರು ವರ್ಷ ಹುಡುಕಿ ತಂದ ಮಗನನ್ನು ಮತ್ತೆ ಮನೆಯಿಂದ ಕಳಿಸಿಕೊಡುವುದು ಎಂದರೆ ಏನು ಎಂದು ಮಕ್ಕಳಿರುವವರು ಯೋಚಿಸಿ.

'ಮಗ ಭಾರತರತ್ನ ಆದ, ಅದಕ್ಕೇ ತಂದೆಯ ನಿರ್ಧಾರ ಸರಿ ಎನ್ನುತ್ತೀಯ' ಎಂದು ನೀವು ಕೇಳಬಹುದು. ಭಾರತರತ್ನ ಬಂದದ್ದು 2008ರಲ್ಲಿ, ಎಪ್ಪತ್ತೆರಡು ವರ್ಷದ ಮೇಲೆ. 1936ರಲ್ಲಿ ಅದು ಯಾರ ಕನಸಿನಲ್ಲೂ ಇರಲಿಲ್ಲ. ಆ ಹುಡುಗ ಸಾಧಾರಣ ಹಾಡುಗಾರನಾಗಿ, ಹುಬ್ಬಳ್ಳಿಯ ಯಾವುದೋ ಶಾಲೆಯಲ್ಲಿ ಸಂಗೀತ ಮಾಸ್ತರಿಕೆ ಮಾಡಿಕೊಂಡಿದ್ದರೂ ತಂದೆಯ ನಿರ್ಧಾರದ ಬೆಲೆ ಒಂದು ಕಾಸೂ ಕಡಿಮೆಯಾಗುತ್ತಿರಲಿಲ್ಲ. ನಿರ್ಧಾರವನ್ನು ಅಳೆಯಬೇಕಾದದ್ದು ಅದನ್ನು ತೆಗೆದುಕೊಂಡ ದಿನ ಕೈಯಲ್ಲಿದ್ದ ಮಾಹಿತಿಯಿಂದ. ಅವರ ಕೈಯಲ್ಲಿದ್ದ ಮಾಹಿತಿ ಒಂದೇ: ಹನ್ನೊಂದು ವರ್ಷದ ಹುಡುಗ ಇದಕ್ಕಾಗಿ ಮೂರು ವರ್ಷ ಹಸಿದು ಅಲೆದಿದ್ದಾನೆ. ಅದಕ್ಕೆ ತಕ್ಕಂತೆ ಅವರು ತಮ್ಮ ಲೆಕ್ಕವನ್ನು ಬದಲಿಸಿಕೊಂಡರು. ದಿನಾ ರಿಸ್ಕ್ ರಿಜಿಸ್ಟರ್ ತುಂಬುವ ನಾವು ಇದನ್ನು ಎಷ್ಟು ಸಲ ಮಾಡಿದ್ದೇವೆ?

ಅದೇ ಕುಂದಗೋಳದ ಗುರುವಿನ ಇನ್ನೊಬ್ಬ ಶಿಷ್ಯೆಯ ಮನೆಗೆ ಬನ್ನಿ. ಗಂಗೂಬಾಯಿ ಹಾನಗಲ್, ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದ ಗಾಯಕಿ. ಮಗಳ ಒಲವು ಹಿಂದೂಸ್ತಾನಿಯ ಕಡೆಗೆ. 1928ರಲ್ಲಿ ಮಗಳ ಕಲಿಕೆಗಾಗಿ ಕುಟುಂಬ ಹುಬ್ಬಳ್ಳಿಗೆ ಬಂತು. ಮಗಳ ಹಾಡಿಗೆ ತನ್ನ ಪದ್ಧತಿ ಬೆರೆಯಬಾರದು ಎಂದು ತಾಯಿ ಕರ್ನಾಟಕ ಸಂಗೀತ ಹಾಡುವುದನ್ನೇ ನಿಲ್ಲಿಸಿದರು.

ಈ ಕಥೆ ಹೇಳುವವರೆಲ್ಲ ಕೈ ಮುಗಿದು 'ತ್ಯಾಗಮಯಿ' ಎನ್ನುತ್ತಾರೆ. ನನಗೆ ಆ ಮಾತಿನ ಮೇಲೆ ಸಿಟ್ಟು ಬರುತ್ತದೆ. ಅಪ್ಪ ಮಾಡಿದರೆ ಲೀಡರ್‌ಶಿಪ್, ಅವ್ವ ಮಾಡಿದರೆ ತ್ಯಾಗ, ಇದು ಯಾವ ನ್ಯಾಯ? ಅಂಬಾಬಾಯಿ ಮಾಡಿದ್ದು ಒಬ್ಬ ಪರಿಣತೆಯ ನಿರ್ಧಾರ. ಎರಡು ಪದ್ಧತಿಗಳಲ್ಲಿ ಸ್ವರವನ್ನು ಹಿಡಿಯುವ, ಬಳಸುವ, ಅಲುಗಿಸುವ ಕ್ರಮ ಬೇರೆ. ಕಲಿಯುವ ಕಿವಿಗೆ ಮನೆಯಲ್ಲಿ ದಿನವೂ ಒಂದು, ಗುರುವಿನ ಎದುರು ಇನ್ನೊಂದು ಬಿದ್ದರೆ ಏನಾಗುತ್ತದೆ ಎಂದು ಸಂಗೀತ ಬಲ್ಲವಳಿಗೇ ಗೊತ್ತಾಗಬೇಕು. ತನಗೆ ಚೆನ್ನಾಗಿ ಬರುವುದೇ ಮಗಳಿಗೆ ಅಡ್ಡಿಯಾಗಬಹುದು ಎಂದು ಆಕೆ ಗುರುತಿಸಿದರು. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ತಾನು ಕಟ್ಟಿದ ಹಳೆಯ ಸಿಸ್ಟಮ್ಮಿನಿಂದ ಕೈ ತೆಗೆದು, ಹೊಸಬರಿಗೆ ಜಾಗ ಬಿಟ್ಟ ಹಿರಿಯರನ್ನು ನಾನು ಒಂದು ಕೈಯ ಬೆರಳಲ್ಲಿ ಎಣಿಸಬಲ್ಲೆ. ನಾನು ಆ ಎಣಿಕೆಯಲ್ಲಿ ಇಲ್ಲ.

ಹೆಣ್ಣೊಬ್ಬಳು ಸುಮ್ಮನಾದದ್ದನ್ನು ಹೊಗಳುತ್ತಿದ್ದೀಯಲ್ಲ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ನನ್ನ ಗೌರವವಿದೆ. ಎಲ್ಲ ಅವ್ವಂದಿರೂ ಹಾಡು ನಿಲ್ಲಿಸಲಿ ಎಂದು ನಾನು ಹೇಳುತ್ತಿಲ್ಲ. ಹಾಡುವ ಹೆಂಗಸರನ್ನು ಆಗಿನ ಸಮಾಜ ಹೇಗೆ ಕಂಡಿತು ಎನ್ನುವುದಕ್ಕೆ ಗಂಗೂಬಾಯಿಯವರ ಬಾಲ್ಯವೇ ಸಾಕ್ಷಿ. ಸಂಗೀತ ಕಲಿಯಲು ಬೀದಿಯಲ್ಲಿ ನಡೆದು ಹೋಗುವ ಹುಡುಗಿಯನ್ನು ಮೇಲುಜಾತಿಯ ನೆರೆಹೊರೆಯವರು 'ಗಾನೇವಾಲಿ' ಎಂದು ಹಂಗಿಸುತ್ತಿದ್ದರು. ಜೋಶಿ ಮಾಸ್ತರರ ಮಗ ಎಂದರೆ ಊರು ಮನೆಗೆ ತಂದು ಬಿಡುತ್ತಿತ್ತು. ಹಾಡುವವಳ ಮಗಳು ಎಂದರೆ ಅದೇ ಸೀಮೆಯ ಬೀದಿ ನಗುತ್ತಿತ್ತು. ಆ ನಗೆಯ ನಡುವೆಯೂ ಮಗಳು ಹಾಡಬೇಕು, ಹಾಡಿಯೇ ಬದುಕಬೇಕು, ಚೆನ್ನಾಗಿ ಹಾಡಬೇಕು ಎಂದು ನಿರ್ಧರಿಸಿದವರು ಅಂಬಾಬಾಯಿ. 1932ರಲ್ಲಿ ಅವರು ತೀರಿಕೊಂಡರು. ಮಗಳು ದೊಡ್ಡ ಹೆಸರು ಮಾಡಿದ್ದನ್ನು ನೋಡಲಿಲ್ಲ. ಗಂಗೂಬಾಯಿ ಆಮೇಲೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬಂದು ಕಲಿತು, 2002ರಲ್ಲಿ ಪದ್ಮವಿಭೂಷಣರಾದರು.

ಇಲ್ಲಿಗೆ ನಿಲ್ಲಿಸಿದರೆ ನಾನೂ ತರಬೇತಿಯವರಂತೆ ಎರಡು ಚಂದದ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದಂತೆ ಆಗುತ್ತದೆ. ಆದ್ದರಿಂದ ಇನ್ನೊಂದು ಪುಸ್ತಕದ ಮಾತು ಹೇಳಲೇಬೇಕು.

ಭೀಮಸೇನರಿಗೆ ಎರಡು ಸಂಸಾರಗಳಿದ್ದವು. ಮೊದಲ ಮದುವೆಯ ಮಗ ರಾಘವೇಂದ್ರ ಜೋಶಿ ತಂದೆಯ ಬಗ್ಗೆ ಮರಾಠಿಯಲ್ಲಿ ಒಂದು ಪುಸ್ತಕ ಬರೆದಿದ್ದಾರೆ, 'ಗಾಣಾರ್‍ಯಾಚೆ ಪೋರ'. ಹಾಡುಗಾರನ ಹುಡುಗ ಎಂದು ಅರ್ಥ. 'ಪೋರ' ನಮಗೂ ಗೊತ್ತಿರುವ ಪದವೇ. 2016ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಬಂತು. ತಂದೆಯ ಹಾಡನ್ನು ಪ್ರಾಣದಂತೆ ಪ್ರೀತಿಸಿದ, ಆದರೆ ತಂದೆಯ ಸಹವಾಸಕ್ಕಾಗಿ ಹಂಬಲಿಸುತ್ತ ಬೆಳೆದ ಮಗನ ಪುಸ್ತಕ ಅದು. ಒಮ್ಮೆ ಓದಿ. ಭೀಮಸೇನರನ್ನು ಕಟಕಟೆಯಲ್ಲಿ ನಿಲ್ಲಿಸಲು ಈ ಮಾತು ಹೇಳುತ್ತಿಲ್ಲ. ಅವರ ಹಾಡಿನ ಮುಂದೆ ನಾನು ಇವತ್ತಿಗೂ ತಲೆ ಬಾಗಿ ಕೂರುವವನು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ಊರಿನ ಸಂಗೀತವನ್ನು ಮುನ್ನಡೆಸಿದವರು ಅವರು. ಗುರುವಿನ ಋಣವನ್ನು ಅಷ್ಟು ದೊಡ್ಡದಾಗಿ ತೀರಿಸಿದ ಶಿಷ್ಯರು ಕಡಿಮೆ. ಆದರೂ ಅಂಗಿಯ ಮೇಲೆ ತಂದೆಯ ಹೆಸರು ಹೊತ್ತು ಸುರಕ್ಷಿತವಾಗಿ ಮನೆ ಸೇರುತ್ತಿದ್ದ ಹುಡುಗ ತಾನೇ ತಂದೆಯಾದಾಗ, ಅವರ ಹೆಸರು ಹೊತ್ತ ಮಗನಿಗೆ ಅದೇ ನೆಮ್ಮದಿ ಸಿಗಲಿಲ್ಲ. ಹೊರಗೆ ನಾಯಕನಾದವನು ಮನೆಯಲ್ಲೂ ನಾಯಕ ಎನ್ನುವ ನಮ್ಮ ನಂಬಿಕೆ ಎಷ್ಟು ಟೊಳ್ಳು ಎಂದು ತಿಳಿಯಲು ಆ ಪುಸ್ತಕ ಸಾಕು. ಹೊರಗಿನ ನಾಯಕತ್ವಕ್ಕೆ ಸಭೆ ಇದೆ, ಹಾರ ಇದೆ, ನಮ್ಮ ಮಟ್ಟಿಗೆ ವರ್ಷದ ಕೊನೆಗೆ ರೇಟಿಂಗ್ ಇದೆ. ಮನೆಯೊಳಗಿನದಕ್ಕೆ ಸಾಕ್ಷಿ ಮಕ್ಕಳು ಮಾತ್ರ, ಅವರು ಬಾಯಿ ಬಿಡುವುದು ನಲವತ್ತು ವರ್ಷ ಕಳೆದ ಮೇಲೆ.

ಹಾಗಾದರೆ ನಾವು? ವಾಕಡ್, ಬಾಣೇರ್, ಪಿಂಪಳೆ ಸೌದಾಗರದ ಫ್ಲಾಟುಗಳಲ್ಲಿರುವ ನಾವು ಮಕ್ಕಳ ಅಂಗಿಯ ಮೇಲೆ ಹೆಸರು ಬರೆಯುವುದಿಲ್ಲ. ಅವರ ಫೋನಿನಲ್ಲಿ ಲೈವ್ ಲೊಕೇಶನ್ ಹಾಕಿಸಿದ್ದೇವೆ. ಜೋಶಿ ಮಾಸ್ತರರದು ದಾರಿ ತಪ್ಪಿದಾಗ ವಾಪಸು ಬರಲಿ ಎಂದು ಬರೆದ ವಿಳಾಸ. ನಮ್ಮದು ದಾರಿ ತಪ್ಪಲೇಬಾರದು ಎಂದು ಹಾಕಿದ ಬೇಲಿ. ಎಂಟನೆಯ ತರಗತಿಯಿಂದಲೇ ಫೌಂಡೇಶನ್ ಕ್ಲಾಸು, ಹತ್ತು ಮುಗಿಯುವ ಮೊದಲೇ ಜೆಇಇಗೆ ಕಂತು. ಮಗು ಏನಾಗಬೇಕು ಎನ್ನುವುದು ಮಗು ಹುಟ್ಟುವ ಮೊದಲೇ ಫ್ರೀಜ್ ಆದ ರಿಕ್ವೈರ್‌ಮೆಂಟ್. ಆಫೀಸಿನಲ್ಲಿ ಗ್ರಾಹಕ ವಾರಕ್ಕೊಮ್ಮೆ ಮನಸ್ಸು ಬದಲಿಸಿದರೂ ನಗುತ್ತ ಪ್ಲಾನ್ ಬದಲಿಸುವವರು, ಮಗಳು ಒಮ್ಮೆ ಬದಲಿಸಿದರೆ ಊಟ ಬಿಡುತ್ತೇವೆ.

'ನಾವು' ಎನ್ನುತ್ತ ಅಡಗಿಕೊಳ್ಳುವುದು ಬೇಡ. ನನ್ನ ಮಗಳು ಈ ವರ್ಷ ಹತ್ತು ಮುಗಿಸಿದಳು. ಗಣಿತದಲ್ಲಿ ತೊಂಬತ್ತರ ಮೇಲೆ ಬಂದಿದೆ. ಹನ್ನೊಂದಕ್ಕೆ ಆರ್ಟ್ಸ್ ಬೇಕು, ಇತಿಹಾಸ ಓದಬೇಕು ಎಂದಳು. ಇಲ್ಲಿ ಹನ್ನೊಂದರ ಪ್ರವೇಶಕ್ಕೆ ಆನ್‌ಲೈನ್ ಅರ್ಜಿ. ವಿಭಾಗ ಆರಿಸಿ ಕಾಲೇಜುಗಳನ್ನು ನಮ್ಮ ಆದ್ಯತೆಯ ಕ್ರಮದಲ್ಲಿ ತುಂಬಬೇಕು. ಅರ್ಜಿ ತುಂಬಿದವನು ನಾನು. ವಿಭಾಗದ ಎದುರು ಸೈನ್ಸ್ ಎಂದು ಹಾಕಿದೆ. 'ಸದ್ಯಕ್ಕೆ ಇರಲಿ, ಆಮೇಲೆ ಬೇಕಾದರೆ ಬದಲಿಸೋಣ' ಅಂದೆ. ಅವಳು ವಾದ ಮಾಡಲಿಲ್ಲ. "ಸರಿ ಅಪ್ಪಾ" ಎಂದು ಒಳಗೆ ಹೋದಳು. ನಾನು ಹಳದಿ ಚೀಟಿ ಬರೆದದ್ದು ಅದಾದ ಎರಡು ದಿನಕ್ಕೆ.

ಅಪ್ಪನ ಜೊತೆ ಫೋನಿನಲ್ಲಿ ಮಾತಾಡಿದ ರಾತ್ರಿ ನನಗೆ 1998 ನೆನಪಾಯಿತು. ನಾನು ಪಿಯುಸಿ ಮುಗಿಸಿದ್ದೆ. ಟಿಸಿಎಚ್ ಮಾಡಿ ಸಾಲಿ ಮಾಸ್ತರ ಆಗು, ಸರಕಾರಿ ನೌಕರಿ, ಊರಲ್ಲೇ ಇರಬಹುದು ಎಂಬುದು ಅಪ್ಪನ ಆಸೆ. ನನಗೆ ಇಂಜಿನಿಯರಿಂಗ್ ಬೇಕಿತ್ತು. ಸಿಇಟಿ ಬರೆದಿದ್ದೆ. ಎರಡು ವಾರ ಮನೆಯಲ್ಲಿ ಮಾತಿಲ್ಲ. ಒಂದು ರಾತ್ರಿ ಪ್ರೆಸ್ಸಿನಿಂದ ಬಂದು, ಬೆರಳಿಗೆ ಹತ್ತಿದ ಶಾಯಿ ಸೀಮೆಎಣ್ಣೆಯಲ್ಲಿ ಒರೆಸುತ್ತ ಅಪ್ಪ ಅಂದರು, "ಇಂಜಿನಿಯರಿಂಗ ಅಂದ್ರ ಏನು ಅನ್ನೂದು ನನಗ ತಿಳಿಯೂದಿಲ್ಲ. ತಿಳೀಲಾರದ ವಿಷಯದಾಗ ನಾ ಬ್ಯಾಡ ಅಂದ್ರ ತಪ್ಪಾಕ್ಕತಿ. ನೀ ಹೇಳು, ನಾ ಕೇಳ್ತೀನಿ." ಅವತ್ತು ರಾತ್ರಿ ನಾನು ಒಂದು ತಾಸು ಮಾತಾಡಿದೆ, ಅಪ್ಪ ಕೇಳಿದರು. ಮುಂದಿನ ತಿಂಗಳು ಸೀಟು ಆಯ್ಕೆಗೆ ನನ್ನ ಜೊತೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದರು. ಅಂದರೆ ಅಪ್ಪ ರಜೆ ಹಾಕಿದ್ದರು. ಎರಡು ದಿನದ ಪಗಾರ ಕಟ್ ಆಗಿರಬೇಕು. 'ನೀ ಒಂದ ದಿನಾನೂ ರಜಾ ಹಾಕಿದ್ದು ನೆನಪಿಲ್ಲ' ಎಂದು ಅವರಿಗೇ ಹೇಳಿದ ನಾನು, ಅವರು ನನಗಾಗಿ ಹಾಕಿದ ರಜೆಯನ್ನೇ ಮರೆತಿದ್ದೆ.

ಹಳದಿ ಚೀಟಿಯಲ್ಲಿ ನಾನು ಬರೆಯಬೇಕಾಗಿದ್ದದ್ದು ಇದು. ಅಪ್ಪ ಮೂವತ್ತು ವರ್ಷ ನಿಂತು ದುಡಿದದ್ದಕ್ಕೆ ನಾನು ಸಾಯುವ ತನಕ ಋಣಿ. ಅದು ಋಣ, ಪಾಠ ಅಲ್ಲ. ಅದರಿಂದ ನಾನು ಕಲಿಯುವುದೆಂದರೆ ನನ್ನ ಟೀಮಿನವರು ಯಾರೂ ಹಾಗೆ ದುಡಿಯುವ ಸ್ಥಿತಿ ಬರಬಾರದು ಎಂಬುದಷ್ಟೆ. ಪಾಠ ಇರುವುದು 'ನನಗ ತಿಳಿಯೂದಿಲ್ಲ, ನೀ ಹೇಳು' ಎಂಬ ಮಾತಿನಲ್ಲಿ. ಜೋಶಿ ಮಾಸ್ತರರು ಮಾಡಿದ್ದೂ, ಅಂಬಾಬಾಯಿ ಮಾಡಿದ್ದೂ ಇದೇ. ತಮ್ಮ ಕೈಯಲ್ಲಿ ಅಧಿಕಾರ ಇದ್ದಾಗ, ತಮ್ಮ ತಿಳಿವಳಿಕೆಯ ಗಡಿ ಎಲ್ಲಿದೆ ಎಂದು ನೋಡಿಕೊಂಡು, ಅಲ್ಲಿ ನಿಂತರು.

ನಿಮ್ಮಲ್ಲಿ ಹೊಸದಾಗಿ ಪುಣೆಗೆ ಬಂದಿರುವ ವಿದ್ಯಾರ್ಥಿಗಳೂ ಇದ್ದೀರಿ. ನಿಮಗೂ ಒಂದು ದಿನ ಯಾರೋ ಒಂದು ಹಳದಿ ಚೀಟಿ ಕೊಡುತ್ತಾರೆ. ಅಪ್ಪ ಅವ್ವ ಪಟ್ಟ ಕಷ್ಟ ಬರೆಯಬೇಡಿ. ಅದನ್ನು ನಿಮ್ಮ ಎದೆಯಲ್ಲಿ ಇಟ್ಟುಕೊಳ್ಳಿ, ಕಂಪನಿಯ ಗೋಡೆಗೆ ಕೊಡಬೇಡಿ. ಅವರು ನಿಮಗಾಗಿ ಯಾವಾಗ ಮನಸ್ಸು ಬದಲಿಸಿದರು ಎಂದು ನೆನಪು ಮಾಡಿಕೊಂಡು ಅದನ್ನು ಬರೆಯಿರಿ. ಅಂಥದ್ದು ಒಂದೂ ನೆನಪಾಗದಿದ್ದರೆ ಚೀಟಿ ಖಾಲಿ ಇರಲಿ. ನನ್ನ ವಯಸ್ಸಿನವರು ಇನ್ನೊಂದು ಪ್ರಶ್ನೆ ಕೇಳಿಕೊಳ್ಳೋಣ: ನಮ್ಮ ಮಕ್ಕಳಿಗೆ ಈ ಚೀಟಿ ಸಿಕ್ಕರೆ ನಮ್ಮ ಬಗ್ಗೆ ಏನು ಬರೆದಾರು?

ಮಗಳ ಅರ್ಜಿ ತಿದ್ದಲು ಇನ್ನೂ ಎರಡು ದಿನ ಇದೆ. ನಿನ್ನೆ ರಾತ್ರಿ ಅವಳನ್ನು ಕರೆದು ಕೂರಿಸಿಕೊಂಡು ಇತಿಹಾಸ ಓದಿದರೆ ಏನಾಗುತ್ತದೆ ಹೇಳು, ನನಗೆ ಗೊತ್ತಿಲ್ಲ ಅಂದೆ. ಅವಳು ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಮಾತಾಡಿದಳು, ಹನ್ನೆರಡೂವರೆಯ ತನಕ. ಅರ್ಧ ನನಗೆ ಅರ್ಥವಾಗಲಿಲ್ಲ, ಅರ್ಧಕ್ಕೆ ಇನ್ನೂ ಭಯವಿದೆ. ಅರ್ಜಿಯ ಪಾಸ್‌ವರ್ಡ್ ಈಗ ಅವಳ ಹತ್ತಿರ ಇದೆ.